ಬೆಸುಗೆಯಲ್ಲ, ಕಚ್ಚು

ಲೋಹಸಿಂಪರಣೆಯನ್ನು ಕುರಿತು ಕನ್ನಡದಲ್ಲಿ ಮಾತನಾಡುವವರು ‘ಬೆಸುಗೆ’ ಎಂಬ ಪದವನ್ನು ಧಾರಾಳವಾಗಿ ಬಳಸುವುದನ್ನು ಕೇಳಿದ್ದೇನೆ. ಈ ಪ್ರಯೋಗ ಅಸಾಧುವೆಂದು ನನ್ನ ಅಭಿಪ್ರಾಯ. ಇದನ್ನು ಪಂಡಿತನ ಹಟವೆಂದು ವಾಚಕರು ತಳ್ಳಿಹಾಕಬಾರದು. ಪದ ತಪ್ಪಿದಲ್ಲಿ ಕೆಲಸವೂ ತಪ್ಪುತ್ತದೆ.

ನನ್ನ ಬಂಧುಗಳೊಬ್ಬರ ತೋಟದ ಪಂಪಿನ ಸವೆದ ಶಾಫ್ಟಿಗೆ ಒಂದು ಕಾರ್ಖಾನೆಯವರು ಉಕ್ಕನ್ನು ಸಿಂಪಡಿಸಿ ಕೊಟ್ಟಿದ್ದರು. ತಿಂಗಳು ತುಂಬುವ ಮೊದಲೇ ಲೇಪವು ಹಪ್ಪಳದಂತೆ ಎದ್ದುಬಂದಿತು. ಶಾಫ್ಟನ್ನು ನುಣ್ಣಗೆ ಉಜ್ಜಿ, ಒರೆಸಿ, ಹಾಗೆಯೇ ಸಿಂಪಡಿಸಿದ್ದರಂತೆ. “ಬೆಸುಗೆಯಾದದ್ದು ಬಿಡುವುದೆಂತು ಸ್ವಾಮಿ?” ಎಂದು ಅಲ್ಲಿಯ ಕೆಲಸಗಾರನೇ ನಮ್ಮನ್ನು ಕೇಳಿದನು!

ಬೆಸುಗೆಯಲ್ಲಿ ಎರಡು ಲೋಹಗಳೂ ಕರಗಿ ಒಂದಾಗುವುವು. ಸಿಂಪರಣೆಯಲ್ಲಿ ಕರಗುವುದು ಹನಿ ಮಾತ್ರ. ಅಡಿಯ ಲೋಹ ಸಾಮಾನ್ಯವಾಗಿ 200 ಡಿಗ್ರಿಯನ್ನೂ ಮುಟ್ಟದು. ಸ್ವಿಟ್ಸರ್ಲೆಂಡಿನ ಮ್ಯಾಕ್ಸ್ ಉಲ್ರಿಚ್ ಶೂಪ್ ಎಂಬಾತನು 1910ರ ಸುಮಾರಿಗೆ ಈ ವಿದ್ಯೆಯನ್ನು ರೂಢಿಗೆ ತಂದನು. ಆಟದ ಬಂದೂಕಿನ ಸೀಸದ ಗುಂಡು ಗೋಡೆಗೆ ಬಡಿದು ಚಪ್ಪಟೆಯಾದುದನ್ನು ಕಂಡು ಅವನಿಗೆ ಇದು ಹೊಳೆಯಿತೆಂದು ಕಥೆಯುಂಟು. ಕಥೆ ಹೇಗಾದರೂ ಇರಲಿ, ಉಪಮಾನ ಯಥಾರ್ಥವಾದುದು.

ವಿದ್ಯುಜ್ಜ್ವಾಲೆಯಲ್ಲಿ ಎರಡು ತಂತಿಗಳ ತುದಿ ಕರಗುತ್ತಿರಲು, ಒತ್ತಡದ ಗಾಳಿ ಆ ದ್ರವವನ್ನು ಸೀಳಿ ಹನಿಯಾಗಿಸಿ ಎಸೆಯುತ್ತದೆ. ಪ್ಲಾಸ್ಮಾ ವಿಧಾನದಲ್ಲಾದರೆ ಪುಡಿಯ ಕಣಗಳೇ ಹಾರುತ್ತ ಕರಗುವುವು. ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗದಷ್ಟಿರುವ ಆ ಹನಿ ಮೇಲ್ಮೈಗೆ ಅಪ್ಪಳಿಸಿ, ದೋಸೆಯಂತೆ ಹರಡಿ, ಸೆಕೆಂಡಿನ ಲಕ್ಷಾಂಶಗಳಲ್ಲೇ ಗಟ್ಟಿಯಾಗುತ್ತದೆ. ಮೇಲ್ಮೈ ಒರಟಾಗಿದ್ದರೆ ಅದರ ಉಬ್ಬುತಗ್ಗುಗಳಿಗೆ ಇಳಿದು, ಆರಿ ಕುಗ್ಗುವಾಗ ಅವನ್ನು ಬಿಗಿಯಾಗಿ ಹಿಡಿಯುತ್ತದೆ. ನುಣುಪಾಗಿದ್ದರೆ ಅದೇ ಕುಗ್ಗುವಿಕೆ ಲೇಪವನ್ನು ಕಿತ್ತೆಬ್ಬಿಸಲು ನೋಡುತ್ತದೆ. ಲೇಪ ದಪ್ಪವಾದಷ್ಟೂ ಆ ಸೆಳೆತ ಹೆಚ್ಚು. ತೇವವೋ ಎಣ್ಣೆಯೋ ಉಳಿದಿದ್ದರಂತೂ ಹನಿ ಚೆನ್ನಾಗಿ ಕೂರದು.

ಮಾಲಿಬ್ಡಿನಂ ಹನಿಯು ಉಕ್ಕಿನ ಮೇಲೆ ಬಿದ್ದಾಗ ಅಡಿಯನ್ನೂ ಅಲ್ಪಸ್ವಲ್ಪ ಕರಗಿಸಿ ಬೆರೆಯುವುದುಂಟು. ಅದು ಅಪವಾದ, ಅಪವಾದದಿಂದ ಸೂತ್ರ ಕೆಡದು.

ಗಾರೆಯವರು ಹಳೆಯ ಗೋಡೆಗೆ ಹೊಸ ಗಾರೆ ಮೆತ್ತುವ ಮುನ್ನ ಕಚ್ಚು ಹೊಡೆಯುತ್ತಾರೆ. ಕಚ್ಚು ಎಂದರೆ ಗುರುತಿನ ಗಾಯವೂ ಹೌದು, ಹಲ್ಲಿನ ಹಿಡಿತವೂ ಹೌದು. ಇಷ್ಟು ಸಮರ್ಥವಾದ ಪದ ಮನೆಯಲ್ಲಿರುವಾಗ ವಿಜ್ಞಾನದ ಉಪಾಧ್ಯಾಯರು ‘ಬೆಸುಗೆ’ಯನ್ನು ಎರವಲು ತರುವುದೇಕೆ?

ಶಾಫ್ಟನ್ನು ಬೇರೊಂದು ಕಡೆ ಕೊಟ್ಟೆವು. ಅವರು ಮೊದಲು ಎಣ್ಣೆ ತೆಗೆದು, ಹರಳುಪುಡಿಯನ್ನು ರಭಸದಿಂದ ಹೊಡೆದು ಒರಟಾಗಿಸಿ, ಬೆಚ್ಚಗೆ ಮಾಡಿ, ತುಕ್ಕು ಕೂರಲು ಅವಕಾಶವೀಯದೆ ಅಂದೇ ಸಿಂಪಡಿಸಿದರು.