ಮುಟ್ಟಬೇಡಿ ಎಂದವರು ಯಂತ್ರ ಓಡಿಸಿದರು

ಮಾನ್ಯ ನಗರಸಭೆ ಅಧಿಕಾರಿಗಳೇ,

ಇಂಗ್ಲಿಷಿನಲ್ಲಿ ಬರೆದ ದೂರುಗಳಿಗೆ ನಿಮ್ಮಿಂದ ಉತ್ತರ ಬರಲಿಲ್ಲ. ಇದನ್ನು ಬ್ರಿಸ್ಬೇನಿನ ಕನ್ನಡದವರಾದರೂ ಓದಲಿ ಎಂದು ಕನ್ನಡದಲ್ಲೇ ಬರೆದಿದ್ದೇನೆ. ನಿಮಗೆ ಬೇಕೆನಿಸಿದರೆ ಯಾರಿಂದಲಾದರೂ ಓದಿಸಿಕೊಳ್ಳಿ.

ನಮ್ಮ ಮನೆಯೆದುರಿನ ಪಾರ್ಕಿನ ಜಾರುಬಂಡೆ ಪಕ್ಕದ ಇರುವೆ ಗೂಡಿನ ವಿಷಯ ಬಡಾವಣೆಗೆಲ್ಲ ಗೊತ್ತು. ಸಡಿಲ ಮಣ್ಣಿನ ದಿಬ್ಬ, ಮೇಲೆ ಒಂದೂ ತೂತಿಲ್ಲ. ಬೆಂಕಿ ಇರುವೆಯ ಗುರುತೇ ಅದು. ಕಂಡವರು 24 ಗಂಟೆಯೊಳಗೆ ತಿಳಿಸಬೇಕೆಂಬುದು ಕ್ವೀನ್ಸ್‌ಲ್ಯಾಂಡಿನ ಕಾನೂನು. ತಿಳಿಸಿದೆ. "ಮುಟ್ಟಬೇಡಿ, ಕೆದಕಬೇಡಿ, ಈ ವಾರವೇ ಬಂದು ಮದ್ದು ಹಾಕುತ್ತೇವೆ" ಎಂದು ಫೋನಿನಲ್ಲಿ ನಿಮ್ಮವರು ಮಾತು ಕೊಟ್ಟರು. ನಾವು ಮುಟ್ಟಲಿಲ್ಲ. ಬಂದದ್ದು ನಿಮ್ಮದೇ ಗುತ್ತಿಗೆದಾರನ ಹುಲ್ಲು ಕತ್ತರಿಸುವ ಯಂತ್ರ. ದಿಬ್ಬದ ತಲೆ ಹಾರಿಸಿ ಹೋಯಿತು.

ಅಂದೇ ಸಂಜೆ, ತುಮಕೂರಿನಿಂದ ಬಂದಿರುವ ನಮ್ಮಮ್ಮ ಮೊಮ್ಮಗನ ಹಿಂದೆ ಹವಾಯಿ ಚಪ್ಪಲಿಯಲ್ಲೇ ಆ ಹುಲ್ಲಿಗೆ ಕಾಲಿಟ್ಟರು. ಊರಿನ ಕೆಂಜಿಗ ಕಂಡವರು. "ಬಿಡೇ, ಇರುವೆ ತಾನೆ" ಎಂದರು. ಬೆಂಕಿ ಇರುವೆ ಒಂದು ಸಲ ಕಡಿದು ಬಿಡುವ ಜಾತಿಯಲ್ಲ. ದವಡೆಯಲ್ಲಿ ಚರ್ಮ ಕಚ್ಚಿ ಹಿಡಿದು, ನಿಂತಲ್ಲೇ ತಿರುಗುತ್ತ, ಹಿಂಬದಿಯ ಕೊಂಡಿಯಿಂದ ಮತ್ತೆ ಮತ್ತೆ ಚುಚ್ಚುತ್ತದೆ. ಮರುದಿನ ಪಾದದ ತುಂಬ ಸಾಸಿವೆ ಗಾತ್ರದ ಬಿಳಿ ಕೀವುಗುಳ್ಳೆ. ವಿಷ ಒಗ್ಗದ ಮೈಯಾಗಿದ್ದರೆ ಉಸಿರೇ ಕಟ್ಟಬಹುದಿತ್ತು.

ನಿಮಗಿದು ಹೊಸದೇನಲ್ಲ. ದಕ್ಷಿಣ ಅಮೆರಿಕದ ಈ ಇರುವೆ ಬ್ರಿಸ್ಬೇನಿನಲ್ಲಿ ಪತ್ತೆಯಾದದ್ದು 2001ರಲ್ಲಿ. ರಾಣಿ ದಿನಕ್ಕೆ ಸಾವಿರಕ್ಕೂ ಹೆಚ್ಚು ಮೊಟ್ಟೆಯಿಡಬಲ್ಲಳು. ನೆರೆ ಬಂದರೆ ಕಾಲಿಗೆ ಕಾಲು ಹೆಣೆದು ಗೂಡಿಗೆ ಗೂಡೇ ತೆಪ್ಪವಾಗಿ ತೇಲುತ್ತದೆ. 2023ರಲ್ಲಿ ನ್ಯೂ ಸೌತ್ ವೇಲ್ಸ್‌ನ ಮರ್ವಿಲಂಬಾದಲ್ಲೂ ಕಾಣಿಸಿಕೊಂಡಿತು. ಇದನ್ನು ತಡೆಯಲು ಔಷಧಿ ಬೆರೆಸಿದ ಸೋಯಾ ಎಣ್ಣೆಯಲ್ಲಿ ಮುಸುಕಿನ ಜೋಳದ ನುಚ್ಚು ನೆನೆಸಿ ಹೆಲಿಕಾಪ್ಟರಿನಿಂದ ಎರಚುತ್ತಾರೆ. ಕೆಲಸದ ಇರುವೆಗಳು ಅದನ್ನು ಒಯ್ದು ರಾಣಿಗೆ ಉಣಿಸಿದರೆ ಸಂತತಿ ನಿಲ್ಲುತ್ತದೆ. ಜಾಣ ಉಪಾಯ, ಒಪ್ಪೋಣ. ಆದರೆ ಆಕಾಶದಿಂದ ನುಚ್ಚು ಎರಚುವ ಊರಲ್ಲಿ, ಕಣ್ಣೆದುರಿಗಿರುವ ಒಂದು ಗೂಡಿಗೆ ಒಬ್ಬ ಮನುಷ್ಯನನ್ನು ಕಳಿಸಲು ನಿಮಗೇನು ಕಷ್ಟ? ಕೆದಕಿದರೆ ಗೂಡು ರಾಣಿಯ ಸಮೇತ ಬೇರೆಡೆ ಸರಿಯುತ್ತದೆ ಎಂದು ಹೆದರಿಸಿದವರೂ ನೀವೇ ಅಲ್ಲವೇ?

ಎಚ್ಚರ ನಮಗೆ ಮಾತ್ರವೋ? ಕುಂಡದ ಮಣ್ಣಿನಲ್ಲಿ ಇರುವೆ ಹೋದೀತೆಂದು ದೂರದೂರಿನ ಗೆಳತಿಗೆ ಕರಿಬೇವಿನ ಸಸಿ ಕೊಡದೆ ಕೂತಿದ್ದೇನೆ. ನಿಮ್ಮ ಗುತ್ತಿಗೆದಾರ ಮಣ್ಣು ಮೆತ್ತಿದ ಯಂತ್ರವನ್ನು ತೊಳೆಯದೆ ಮುಂದಿನ ಪಾರ್ಕಿಗೆ ಒಯ್ದ. ಅವನನ್ನು ಕೇಳುವವರಿಲ್ಲ. ತೆರಿಗೆಯ ಬಿಲ್ಲು ಮಾತ್ರ ಒಂದು ದಿನವೂ ತಡವಾಗದು.

ಮಾತು ಕೊಟ್ಟಿರಿ, ಬರಲಿಲ್ಲ. ಈಗಲಾದರೂ ಬಂದು ಮದ್ದು ಹಾಕಿ, ಜಾರುಬಂಡೆಯ ಸುತ್ತ ಬೇಲಿ ಕಟ್ಟಿ. ದೂರು ದಾಖಲಾದ ಜಾಗಕ್ಕೆ ಯಂತ್ರ ಕಳಿಸಲು ಅಪ್ಪಣೆ ಕೊಟ್ಟವರು ಯಾರೆಂದು ಬರವಣಿಗೆಯಲ್ಲಿ, ರುಜು ಹಾಕಿ ತಿಳಿಸಿ.

ಇತಿ,
ಪಾರ್ಕಿನ ಎದುರು ಮನೆಯವಳು