ನೇತ್ರಾಣಿಯ ಹವಳ ಯಾರ ಕಡತದಲ್ಲಿದೆ?

ಕೃಷ್ಣೆಯ ದಂಡೆಯ ನನ್ನೂರು ಐನಾಪುರದಲ್ಲಿ ಮಳೆಗಾಲದ ಹೊಳೆಗಿಳಿದು ನೀರೊಳಗೆ ಕಣ್ಣು ತೆರೆದರೆ ಕಾಣುವುದು ಕೆಂಗಂದು ಕತ್ತಲೆ ಮಾತ್ರ. ಚಾಚಿದ ಸ್ವಂತ ಕೈಯೂ ಕಾಣದು. ಅದೇ ಊರಿನ ನನ್ನ ತಂಗಿಯ ಮಗ ಈಗ ಬೆಂಗಳೂರಿನಲ್ಲಿ ಎಂಜಿನಿಯರ್; ಸ್ಕೂಬಾ ಮುಳುಗು ಕಲಿತು, ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪಕ್ಕೆ ಹೋಗಿಬಂದ. ತಂದ ಚಿತ್ರಗಳನ್ನು ಉತ್ಸಾಹದಿಂದ ತೋರಿಸಿದ. ಎಲ್ಲವೂ ಹಸಿರು ಮಿಶ್ರಿತ ನೀಲಿ ಮಂಕು, ಅದರ ಮೇಲೆ ಹಿಟ್ಟು ಎರಚಿದಂತೆ ಬಿಳಿ ಚುಕ್ಕೆಗಳು. ಆದರೆ ಒಂದು ಚಿತ್ರದಲ್ಲಿ ಹವಳದ ಒಂದು ಬದಿ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಅದು ಕ್ಯಾಮೆರಾದ ದೋಷವೋ ಹವಳದ ರೋಗವೋ ಎಂದು ಕೇಳಿದೆ. ಅವನಿಗೆ ತಿಳಿದಿರಲಿಲ್ಲ.

ಪ್ರಶ್ನೆ ಸಣ್ಣದಲ್ಲ. ಸಮುದ್ರದ ನೀರು ಅತಿಯಾಗಿ ಕಾದಾಗ ಹವಳವು ತನ್ನೊಳಗಿನ ಪಾಚಿಯನ್ನು ಹೊರದೂಡಿ ಬಿಳುಚಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. ಜಗತ್ತಿನಾದ್ಯಂತ ನಾಲ್ಕನೆಯ ಬಾರಿ ಇಂಥ ಬಿಳುಚುವಿಕೆ ನಡೆಯುತ್ತಿದೆಯೆಂದು 2024ರ ಏಪ್ರಿಲ್‌ನಲ್ಲಿ ಘೋಷಿತವಾಯಿತು. ಅದೇ ವರ್ಷ ನಮ್ಮ ಲಕ್ಷದ್ವೀಪದ ಹವಳಗಳೂ ತೀವ್ರವಾಗಿ ಬಿಳುಚಿಕೊಂಡವು. ಹವಳದ ಆರೋಗ್ಯದ ಮೊದಲ ಸಾಕ್ಷ್ಯ ಬಣ್ಣ. ನೀರಿನೊಳಗಿನ ಛಾಯಾಗ್ರಹಣದಲ್ಲಿ ಮೊದಲು ಕೈಕೊಡುವುದೂ ಬಣ್ಣವೇ.

ನೀರು ಬೆಳಕನ್ನು ಸಮನಾಗಿ ಹೀರುವುದಿಲ್ಲ. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಮಟ್ಟಿಗೆ ಮಾಯವಾಗುತ್ತದೆ, ಬಳಿಕ ಕಿತ್ತಳೆ, ಆಮೇಲೆ ಹಳದಿ. ಆದ್ದರಿಂದಲೇ ಅನುಭವಿಗಳು ಹೊಸಬರಿಗೆ ಮೊದಲು ಹೇಳುವುದು, 'ಹತ್ತಿರ ಹೋಗು, ಇನ್ನೂ ಹತ್ತಿರ ಹೋಗು' ಎಂದು. ಕ್ಯಾಮೆರಾಕ್ಕೂ ಹವಳಕ್ಕೂ ನಡುವೆ ನೀರು ಕಡಿಮೆಯಾದಷ್ಟೂ ಬಣ್ಣ ಉಳಿಯುತ್ತದೆ. ಬಿಳಿ ಪ್ಲಾಸ್ಟಿಕ್ ಫಲಕವೊಂದನ್ನು ಒಯ್ದು, ಆಳ ಬದಲಾದಾಗಲೆಲ್ಲ ಅದನ್ನು ತೋರಿಸಿ ಕ್ಯಾಮೆರಾಕ್ಕೆ 'ಬಿಳಿಯೆಂದರೆ ಇದು' ಎಂದು ಕಲಿಸುವುದು ಎರಡನೆಯ ಉಪಾಯ. ಫ್ಲ್ಯಾಶ್ ಬಳಸುವವರು ಅದನ್ನು ಲೆನ್ಸಿನ ಪಕ್ಕದಲ್ಲಿಡದೆ ಉದ್ದನೆಯ ತೋಳಿನ ಮೇಲೆ ದೂರಕ್ಕೆ ಚಾಚುತ್ತಾರೆ. ಮಂಜು ಮುಸುಕಿದ ಅಂಬೋಲಿ ಘಾಟಿಯಲ್ಲಿ ಕಾರಿನ ದೊಡ್ಡ ದೀಪ ಹಾಕಿದರೆ ರಸ್ತೆಯ ಬದಲು ಮಂಜೇ ಕಣ್ಣಿಗೆ ರಾಚುವುದಿಲ್ಲವೇ? ನನ್ನ ಸೋದರಳಿಯನ ಚಿತ್ರಗಳ ಬಿಳಿ ಚುಕ್ಕೆಗಳ ರಹಸ್ಯವೂ ಅದೇ: ನೀರಿನಲ್ಲಿ ತೇಲುವ ಕಣಗಳು.

ಈ ವಿದ್ಯೆಗೆ ದೀರ್ಘ ಇತಿಹಾಸವಿದೆ. ಫ್ರಾನ್ಸಿನ ಲೂಯಿ ಬುತಾನ್ 1893ರಲ್ಲೇ ಸಮುದ್ರದೊಳಗೆ ಚಿತ್ರ ತೆಗೆದ. 1926ರಲ್ಲಿ ಫ್ಲಾರಿಡಾದ ಬಳಿ ಲಾಂಗ್ಲೆ ಮತ್ತು ಮಾರ್ಟಿನ್ ಮೊದಲ ವರ್ಣಚಿತ್ರಗಳನ್ನು ತೆಗೆದಾಗ ಬೆಳಕಿಗಾಗಿ ನೀರಿನ ಮೇಲೆ ಮೆಗ್ನೀಸಿಯಂ ಪುಡಿಯನ್ನು ಸಿಡಿಸಬೇಕಾಯಿತು. ಇಂದು ಅಂಗೈಯಗಲದ ಕ್ಯಾಮೆರಾ ಸಾಕು. ಕಷ್ಟ ಹುಟ್ಟಿರುವುದೂ ಅಲ್ಲಿಯೇ.

ಮುಳುಗುಗಾರರಲ್ಲಿ ಸಲಹೆ ಧಾರಾಳವಾಗಿ, ಪುಕ್ಕಟೆಯಾಗಿ ಹಂಚಿಕೆಯಾಗುತ್ತದೆ. ಅರ್ಥಶಾಸ್ತ್ರ ಓದಿದವನಿಗೆ ಇದು ಮೊದಲು ಅಚ್ಚರಿ ತಂದಿತು. ಬಳಿಕ ಕಾರಣ ಹೊಳೆಯಿತು. ಒಬ್ಬನು ಕಾಲು ಬಡಿದು ತಳದ ಹೂಳೆಬ್ಬಿಸಿದರೆ ಹಿಂದೆ ಬರುವ ಹತ್ತು ಜನರ ಚಿತ್ರವೂ ಕೆಡುತ್ತದೆ. ಪಕ್ಕದವನ ಅಜ್ಞಾನದ ವೆಚ್ಚ ನನ್ನ ಮೇಲೆ ಬೀಳುವಾಗ ಅವನಿಗೆ ಕಲಿಸುವುದು ಸ್ವಾರ್ಥವೂ ಹೌದು. ಅವರ ಸಲಹೆಗಳಲ್ಲಿ ಹಿರಿಯದು ಕ್ಯಾಮೆರಾಕ್ಕೆ ಸಂಬಂಧಿಸಿದ್ದೇ ಅಲ್ಲ: ನೀರಿನ ನಡುವೆ ಏಳದೆ, ಮುಳುಗದೆ ಸ್ಥಿರವಾಗಿ ತೇಲಲು ಕಲಿಯುವವರೆಗೆ ಕ್ಯಾಮೆರಾ ಮುಟ್ಟಬೇಡ. ಕಣ್ಣು ಪರದೆಯ ಮೇಲಿದ್ದಾಗ ಕಾಲು ಎಲ್ಲಿದೆಯೆಂದು ತಿಳಿಯದು. ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಮಾತ್ರ ಬೆಳೆಯುವ ಹವಳ ಒಂದೇ ಒದೆತಕ್ಕೆ ಮುರಿಯಬಲ್ಲದು.

ಕಾನೂನು ದುರ್ಬಲವಾಗಿಲ್ಲ. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗಿರುವ ರಕ್ಷಣೆಯೇ ಅವಕ್ಕೂ ಇದೆ. ಆದರೆ ಹದಿನೈದು ಮೀಟರ್ ಆಳಕ್ಕೆ ಇನ್‌ಸ್ಪೆಕ್ಟರನ್ನು ಕಳುಹಿಸುವುದು ಹೇಗೆ? ಕಳುಹಿಸಿದರೂ ಆತನ ಪ್ರಯಾಣಭತ್ಯೆಯ ಬಿಲ್ಲಿಗೆ ಆಕ್ಷೇಪಣೆ ಬಂದೀತು ಎಂಬುದು ನನ್ನ ಸೇವಾನುಭವ.

ನೇತ್ರಾಣಿಗೆ ಬರುವವರಲ್ಲಿ ಬಹಳಷ್ಟು ಮಂದಿ ಈಜೂ ಬಾರದ, ಮೊದಲ ಬಾರಿ ಮುಳುಗುವ ಪ್ರವಾಸಿಗರು. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' 2022ರಲ್ಲಿ ತೆರೆಕಂಡ ಮೇಲೆ ಆ ನೀಲಿ ಲೋಕದ ಆಸೆ ಮನೆಮನೆಗೂ ತಲುಪಿದೆ. ಅದನ್ನು ತಡೆಯಬೇಕಿಲ್ಲ. ಅಂಥವರ ಕೈಗೆ ಕ್ಯಾಮೆರಾ ಕೊಡದೆ ಬೋಧಕರೇ ಚಿತ್ರ ತೆಗೆದುಕೊಡಲಿ ಎಂಬುದನ್ನು ಪರವಾನಗಿಯ ಷರತ್ತಾಗಿಸಿದರೆ ಸಾಕು.

ಇನ್ನೊಂದು ಷರತ್ತೂ ಬೇಕು. ವಿಜ್ಞಾನಿಗಳು ಎಂದಾದರೊಮ್ಮೆ ಹೋಗುವ ಸ್ಥಳಕ್ಕೆ ಮಳೆಗಾಲ ಕಳೆದಮೇಲೆ ಮೇ ತಿಂಗಳವರೆಗೂ ದೋಣಿಗಳು ಹೋಗುತ್ತಿರುತ್ತವೆ. ಗೊತ್ತುಪಡಿಸಿದ ಕೆಲವು ಬಂಡೆಗಳನ್ನು, ಪಕ್ಕದಲ್ಲಿ ಬಣ್ಣದ ಪಟ್ಟಿಯಿಟ್ಟು, ದಿನಾಂಕ ಮತ್ತು ಆಳ ನಮೂದಿಸಿ ತಿಂಗಳಿಗೊಮ್ಮೆ ಚಿತ್ರಿಸಿ ಕಾರವಾರದ ಸಾಗರ ಜೀವಶಾಸ್ತ್ರ ವಿಭಾಗಕ್ಕೆ ಕೊಡುವುದು ನಿರ್ವಾಹಕರಿಗೆ ಹೊರೆಯಾಗದು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2002ರಲ್ಲಿ ಆರಂಭಿಸಿದ 'ಕೋರಲ್‌ವಾಚ್' ಯೋಜನೆಯಲ್ಲಿ ಹವ್ಯಾಸಿಗಳು ಇಂಥ ಪಟ್ಟಿಯನ್ನು ಹವಳದ ಪಕ್ಕ ಹಿಡಿದು ಬಣ್ಣ ಗುರುತಿಸುತ್ತಾರೆ. ಅದಕ್ಕೆ ಡಾಕ್ಟರೇಟ್ ಬೇಕಿಲ್ಲ.

ಆ ಬಿಳಿಯ ಹವಳವನ್ನು ಮತ್ತೆ ಹುಡುಕಬಲ್ಲೆಯಾ ಎಂದು ಸೋದರಳಿಯನನ್ನು ಕೇಳಿದೆ. 'ಎಷ್ಟು ಆಳದಾಗ ಇತ್ತು, ಯಾವ ಕಡೆ ಇತ್ತು, ಏನೂ ಬರಕೊಂಡಿಲ್ಲ ಮಾಮಾ' ಎಂದ. ಮುಂದಿನ ಅಕ್ಟೋಬರಿನಲ್ಲಿ ಮತ್ತೆ ಹೋಗುವವನಿದ್ದಾನೆ. ಬಿಳಿ ಫಲಕವೊಂದನ್ನು ಈಗಲೇ ಕೊಂಡಿಟ್ಟುಕೊಂಡಿದ್ದಾನೆ.