ಬಗ್ಗುಂಜಿಯ ದತ್ತಿ ಮತ್ತು ಪರರಿಗಾಗಿ ಪ್ರಾರ್ಥನೆ

ಮೂಡಿಗೆರೆ ತಾಲ್ಲೂಕಿನ ದೇವರಮನೆ ಬೆಟ್ಟದಲ್ಲಿ ಕಾಲಭೈರವೇಶ್ವರನ ಗುಡಿಯಿದೆ. ಮಲೆನಾಡಿನ ಇಂಥ ಗುಡಿಗಳಲ್ಲಿ ತಮಗಾಗಿ ಹರಕೆ ಹೊರುವವರಷ್ಟೇ ಮನೆಯ ಮಗುವಿಗಾಗಿ, ಹಾಸಿಗೆ ಹಿಡಿದ ಹಿರಿಯರಿಗಾಗಿ, ಕೊಟ್ಟಿಗೆಯ ದನಕ್ಕಾಗಿ ಹರಕೆ ಹೊರುವವರೂ ಇರುತ್ತಾರೆ. ಬೇಡಿದ್ದನ್ನು ಕೊಡುವ ದೈವವಿದೆಯೆಂದು ನಂಬಿದವರಿಗೆ ಇದು ಸಹಜ. ಆದರೆ ಜಿನನು ವೀತರಾಗ. ಒಲಿಯುವವನೂ ಅಲ್ಲ, ಮುನಿಯುವವನೂ ಅಲ್ಲ. ಒಬ್ಬರ ಕರ್ಮವನ್ನು ಮತ್ತೊಬ್ಬರು ಕಳೆಯಲಾರರೆಂಬುದು ಜೈನ ಸಿದ್ಧಾಂತ. ಹಾಗಿರುವಾಗ ಶ್ರಾವಕನು ಬಸದಿಯಲ್ಲಿ ನಿಂತು ಪರರಿಗಾಗಿ ಬೇಡುವುದರ ಅರ್ಥವೇನು?

ಇದೇ ಬೆಟ್ಟಸಾಲಿನ ಶಾಸನವೊಂದು ಈ ಪ್ರಶ್ನೆಯನ್ನು ಎದುರಿಗಿಡುತ್ತದೆ. ಕಳಸ-ಕಾರ್ಕಳ ರಾಜ್ಯವನ್ನಾಳಿದ ಭೈರರಸರು ಹೆಸರಿನಲ್ಲಿ ಭೈರವನನ್ನು ಹೊತ್ತಿದ್ದರೂ ಜೈನರು. ವೀರಭೈರರಸನ ತಂಗಿ ಕಾಳಲದೇವಿ ಬಗ್ಗುಂಜಿ ಸೀಮೆಯನ್ನು ಆಳುತ್ತಿದ್ದಳು. ಮಗಳು ರಾಮಾದೇವಿ ತೀರಿಕೊಂಡ ಸಂದರ್ಭದಲ್ಲಿ, 1530ರಲ್ಲಿ, ಆಕೆ ಅಲ್ಲಿನ ಕಲ್ಲಬಸದಿಯ ಪಾರ್ಶ್ವನಾಥನಿಗೆ ದತ್ತಿ ಬಿಟ್ಟಳು. ಅಳಿಯಸಂತಾನದ ಆ ಮನೆತನದಲ್ಲಿ ಮಗಳ ಸಾವೆಂದರೆ ವಂಶದ ಎಳೆಯೇ ಕಡಿದಂತೆ.

ಇಂಥ ದತ್ತಿಗಳನ್ನು ವೈದಿಕರ ಶ್ರಾದ್ಧಕಲ್ಪನೆಯ ಪ್ರಭಾವವೆಂದು ಬದಿಗಿಡುವುದು ಸುಲಭ. ಪ್ರಭಾವವನ್ನು ಪೂರ್ತಿಯಾಗಿ ಅಲ್ಲಗಳೆಯಬೇಕಿಲ್ಲ. ಆದರೆ ಆ ವಿವರಣೆ ಸಾಲದು. ಹರಕೆಯಲ್ಲಿ ಒಂದು ಷರತ್ತು ಅಡಗಿರುತ್ತದೆ: ಇಂಥದ್ದು ನಡೆದರೆ ಇಂಥದ್ದನ್ನು ಒಪ್ಪಿಸುತ್ತೇನೆ ಎಂಬುದು. ಕಾಳಲದೇವಿಯ ದತ್ತಿಯಲ್ಲಿ ಅಂಥ ಷರತ್ತಿಗೆ ಎಡೆಯೇ ಇಲ್ಲ. ಮಗಳು ಮರಳಿ ಬರುವಂತಿಲ್ಲ, ಪಾರ್ಶ್ವನಾಥನು ಪ್ರತಿಫಲ ಕೊಡುವವನಲ್ಲ. ಇಷ್ಟವಿಯೋಗದ ಕೊರಗನ್ನು ತತ್ತ್ವಾರ್ಥಸೂತ್ರವು ಆರ್ತಧ್ಯಾನದಲ್ಲಿ ಸೇರಿಸುತ್ತದೆ. ಅದು ಕರ್ಮಬಂಧಕ್ಕೆ ಕಾರಣ. ಆ ಕೊರಗನ್ನು ನಿತ್ಯಪೂಜೆಗೆ, ದಾನಕ್ಕೆ ಹೊರಳಿಸಿದರೆ ಬದಲಾಗುವುದು ತೀರಿಹೋದವಳ ಗತಿಯಲ್ಲ, ಉಳಿದವಳ ಪರಿಣಾಮ. ಸಿದ್ಧಾಂತಕ್ಕೆ ಇದರಿಂದ ಎಳ್ಳಷ್ಟೂ ಭಂಗವಿಲ್ಲ.

ಬಸದಿಗಳಲ್ಲಿ ಪೂಜೆಯ ಕೊನೆಗೆ ಹೇಳುವ ಶಾಂತಿಪಾಠವನ್ನೂ ಹೀಗೆಯೇ ಓದಬೇಕು. ಸಕಲ ಪ್ರಜೆಗಳಿಗೆ ಕ್ಷೇಮವಾಗಲಿ, ಅರಸನು ಧರ್ಮಿಷ್ಠನಾಗಲಿ, ಕಾಲಕಾಲಕ್ಕೆ ಮಳೆಯಾಗಲಿ, ರೋಗ ದುರ್ಭಿಕ್ಷ ಕಳ್ಳರ ಭಯ ಅಡಗಲಿ ಎಂಬ ಹಾರೈಕೆ ಅದು. ಮಳೆ ಜೈನರ ಗದ್ದೆಗಷ್ಟೇ ಸುರಿಯಲಿ ಎಂದು ಅದರಲ್ಲಿಲ್ಲ! ಉಮಾಸ್ವಾಮಿಯು ವ್ರತಗಳನ್ನು ಹೇಳುವ ಏಳನೆಯ ಅಧ್ಯಾಯದಲ್ಲೇ ಸರ್ವಜೀವಿಗಳಲ್ಲಿ ಮೈತ್ರಿಯನ್ನೂ ನೊಂದವರಲ್ಲಿ ಕಾರುಣ್ಯವನ್ನೂ ಭಾವಿಸಬೇಕೆನ್ನುತ್ತಾನೆ. ಭಾವನೆಯೆಂದರೆ ಇಲ್ಲಿ ಕ್ಷಣದ ಕನಿಕರವಲ್ಲ, ಮತ್ತೆ ಮತ್ತೆ ಮಾಡುವ ಅಭ್ಯಾಸ. ದಿನವೂ ಅಪರಿಚಿತರ ಕ್ಷೇಮವನ್ನು ಬಾಯಿಬಿಟ್ಟು ಹೇಳುವುದು ಅಂಥದೊಂದು ಅಭ್ಯಾಸ. ಅದು ಕೇವಲ ಬಾಯಿಪಾಠವಾಗುವ ಅಪಾಯವಂತೂ ಇದ್ದೇ ಇದೆ.

ಶ್ರದ್ಧೆಗೂ ಇದಕ್ಕೂ ಇರುವ ನಂಟನ್ನು ಪೂಜ್ಯಪಾದರ ಸರ್ವಾರ್ಥಸಿದ್ಧಿ ತೋರಿಸುತ್ತದೆ. ಸರಾಗ ಸಮ್ಯಗ್ದರ್ಶನವು ಪ್ರಶಮ, ಸಂವೇಗ, ಅನುಕಂಪ, ಆಸ್ತಿಕ್ಯಗಳಿಂದ ವ್ಯಕ್ತವಾಗುತ್ತದೆ ಎನ್ನುತ್ತಾರೆ ಅವರು. ಅನುಕಂಪವು ಶ್ರದ್ಧೆಗೆ ಹೊರಗಿನಿಂದ ಸೇರಿಸಿದ ಒಡವೆಯಲ್ಲ, ಶ್ರದ್ಧೆ ಇದೆಯೆಂಬುದರ ಗುರುತು. ಪಟ್ಟಿಯಲ್ಲಿ ಅದು ಆಸ್ತಿಕ್ಯಕ್ಕಿಂತ ಮೊದಲೇ ಬಂದಿರುವುದಕ್ಕೆ ಹೆಚ್ಚಿನ ಅರ್ಥ ಹಚ್ಚಬೇಕಾಗಿಲ್ಲ. ಆದರೂ ಎರಡೂ ಅಕ್ಕಪಕ್ಕದಲ್ಲಿವೆ. ಬಗ್ಗುಂಜಿಯ ಶಾಸನವನ್ನು ಭೈರರಸರ ವಂಶಾವಳಿಗಾಗಿ ಓದುವ ಸಂಶೋಧಕರು, ಮಗಳನ್ನು ಕಳೆದುಕೊಂಡ ಒಬ್ಬ ಶ್ರಾವಿಕೆಯ ಸಮ್ಯಕ್ತ್ವದ ದಾಖಲೆಯಾಗಿಯೂ ಅದನ್ನು ಓದಬಹುದು.